ಝೀರೋ ನೋಡ್ಕೊಳ್ಳಿ ಸಾರ್

ಅವೆನ್ಯೂ ರಸ್ತೆಯಲ್ಲಿ ನನ್ನದು ಕನ್ನಡಕದಂಗಡಿ.
ಮನೆ ಕೆಂಗೇರಿ ಉಪನಗರ.
ಹೋಗುತ್ತ ಹದಿನೈದು ಕಿಲೋಮೀಟರು, ಬರುತ್ತ ಹದಿನೈದು,
ನಡುವೆ ನಾಯಂಡಹಳ್ಳಿ.
ನಾಯಂಡಹಳ್ಳಿಯನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ ಯಾರೂ.

ಹಳೆಯ ಕಾರು ಯುಗಾದಿಗೆ ಮುಂಚೆ ಕೈಕೊಟ್ಟಿತು.
ಅಂದಿನಿಂದ ಬಿಲ್ ಪುಸ್ತಕದ ಬೆನ್ನಿಗೆ ಲೆಕ್ಕ:
ಡೀಸೆಲ್ಲಾದರೆ ಒಂದೂಕಾಲು ಲಕ್ಷ ಮೊದಲೇ ಹೆಚ್ಚು,
ಆಮೇಲೆ ಕಿಲೋಮೀಟರಿಗೆ ಎರಡು ರೂಪಾಯಿ ಉಳಿತಾಯ.
ತಿಂಗಳಿಗೆ ಇಪ್ಪತ್ತೈದು ದಿನ, ಭಾನುವಾರ ಬಿಟ್ಟು.
ಗುಣಿಸಿದೆ, ಭಾಗಿಸಿದೆ, ಶೇಷ ಮನ್ನಾ ಮಾಡಿದೆ.
ಏಳು ವರ್ಷ.
ಲಾಭ ಕಣ್ಣು ಬಿಡುವ ಹೊತ್ತಿಗೆ ನನಗೆ ಅರವತ್ತೈದು.

ಭಾವಮೈದ ವಿಠೋಬ ಡೀಸೆಲ್ ಪಕ್ಷ.
"ಎಳೆತ ನೋಡಿ ಭಾವ, ಎಳೆತ!
ನೈಸ್ ರಸ್ತೆ ಹತ್ತಿದರೆ ಆನೆ!"
ನೈಸ್ ರಸ್ತೆ ನಾನು ಹತ್ತಿದ್ದು ಒಮ್ಮೆ, ದಾರಿ ತಪ್ಪಿ.
ಟೋಲ್ ಕೊಟ್ಟು ಇಳಿದು ಬಂದೆ.

ಶೋರೂಮಿನ ಹುಡುಗಿ ಹೈಬ್ರಿಡ್ ತೋರಿಸಿದಳು,
ಎರಡೂ ಒಂದರಲ್ಲೇ ಸಾರ್, ಎಂದಳು.
ಬೈಫೋಕಲ್ಲು, ಅಂದುಕೊಂಡೆ.
ಬೆಲೆ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡೆ.

"ಮನೆ ಹತ್ತಿರವೇ ಮೆಟ್ರೊ ಇದೆಯಲ್ಲಪ್ಪ?" ಮಗಳು.
ಗಾಜಿನ ಪೆಟ್ಟಿಗೆಗಳು, ಎಂದೆ. ಅಮ್ಮನ ಮಂಡಿ, ಎಂದೆ.
ಅವಳು ನನ್ನನ್ನೇ ನೋಡಿದಳು.
ನಿಜ ಹೇಳಬೇಕೆಂದರೆ
ಬಾಗಿಲು ಹಾಕಿಕೊಂಡು ಒಬ್ಬನೇ ಕೂರಲು
ಈ ಊರಲ್ಲಿ ನನಗಿರುವ ಕೋಣೆ ಅದೊಂದೇ.

ಕೊನೆಗೆ ವಿಲ್ಸನ್ ಗಾರ್ಡನ್ನಿನ ಸಾಬ್ಜಾನ್,
ಎಣ್ಣೆಗೈ ಒರೆಸುತ್ತ:
"ಯಾವ ಗೇರಲ್ಲಿ ಓಡಿಸ್ತೀರ ದಿನಾ?"
"ಎರಡು. ಹಬ್ಬದ ರಜೆಗೆ ಮೂರು."
"ಹಂಗಾದ್ರೆ ಬ್ಯಾಡ ಬಿಡಿ ಡೀಸೆಲ್ಲು.
ಹೊಗೆ ಸೋಸೋ ಫಿಲ್ಟರ್ ಇರ್ತದೆ ಅದಕ್ಕೆ,
ಮಸಿ ಕಟ್ಟಿದ್ರೆ ಅದೇ ಸುಟ್ಕೋಬೇಕು.
ವಾರಕ್ಕೊಂದ್ಸಲ ಅರ್ಧ ಗಂಟೆ ನಿಲ್ಲಿಸ್ದೆ ಓಡಿಸ್ಬೇಕು ಸಾರ್,
ನಿಲ್ಲಿಸ್ದೆ. ಆಗ್ತದಾ ನಿಮ್ಗೆ?"

ಆ ರಾತ್ರಿ ಮಗ್ಗುಲು ಬದಲಿಸುತ್ತ
ನಿಲ್ಲದೆ ಓಡಿದ ಅರ್ಧ ಗಂಟೆಗಳನ್ನು ಹುಡುಕಿದೆ.
ಒಂದು ಸಿಕ್ಕಿತು:
ತಾರಾಬಾಯಿಗೆ ನೋವು ಶುರುವಾದ ರಾತ್ರಿ, ಮೂರು ಗಂಟೆ,
ಪಕ್ಕದ ಮನೆಯವರ ಅಂಬಾಸಿಡರಿನಲ್ಲಿ ವಾಣಿವಿಲಾಸಕ್ಕೆ.
ಸಿಗ್ನಲ್ಲುಗಳೆಲ್ಲ ಸುಮ್ಮನೆ ಹಳದಿ ಮಿಣುಕುತ್ತಿದ್ದವು.
ಇನ್ನೊಂದು...
ನೆನಪಾಗಲಿಲ್ಲ.

ಅಂಗಡಿಗೆ ಬಂದವರಿಗೆ ನಾನೇ ಕೇಳುತ್ತೇನಲ್ಲ,
ದೂರದ್ದು ಬೇಕೋ ಹತ್ತಿರದ್ದೋ ಅಂತ?
ದಿನವೆಲ್ಲ ಏನು ನೋಡುತ್ತೀರೋ ಅದಕ್ಕೆ ಮಾಡಿಸಿ,
ಆಸೆಗೆ ಬೇಡ.
ಅಕ್ಕಿ ಆರಿಸುವವಳಿಗೆ ಆಕಾಶದ ನಂಬರು ಕೊಟ್ಟರೆ
ಬರುವುದು ತಲೆನೋವು.

"ಪಂಢರಪುರ?" ಎಂದಳು ತಾರಾಬಾಯಿ ಬೆಳಗ್ಗೆ,
ಉಕ್ಕುವ ಹಾಲಿಗೆ ಉಫ್ ಎನ್ನುತ್ತ.
ಪೆಟ್ರೋಲಿನಲ್ಲೂ ಬರುತ್ತದೆ ಪಂಢರಪುರ,
ಎರಡೂವರೆ ಸಾವಿರ ಹೆಚ್ಚಾದೀತು ಹೋಗಿ ಬರುವುದಕ್ಕೆ, ಎಂದೆ.
ಅವಳು ಉರಿ ತಗ್ಗಿಸಿದಳು.
"ಎರಡೂವರೆ ಸಾವಿರಕ್ಕಾ
ಎರಡು ತಿಂಗಳು ನನ್ನ ನಿದ್ದೆ ಕೆಡಿಸಿದ್ದು?"

ಬಂದಿದೆ ಈಗ. ಬೂದು ಬಣ್ಣ, ಪೆಟ್ರೋಲು.
ರಾಜರಾಜೇಶ್ವರಿ ಕಮಾನಿನ ಆಚೆಯ ಬಂಕಿನಲ್ಲಿ
ಮೊದಲ ಸಲ ನಿಲ್ಲಿಸಿದಾಗ
ಹುಡುಗ ನಳಿಕೆ ಎತ್ತಿ, ಮುಖ ನೋಡದೆ
ಎಲ್ಲರಿಗೂ ಹೇಳುವುದನ್ನೇ ಹೇಳಿದ:
"ಝೀರೋ ನೋಡ್ಕೊಳ್ಳಿ ಸಾರ್."

ನೋಡಿದೆ.
ಅಕ್ಕಪಕ್ಕ ಎರಡು ಸೊನ್ನೆ,
ಇನ್ನೂ ಗಾಜು ಕೂರಿಸದ ಫ್ರೇಮಿನ ಹಾಗೆ
ನನ್ನನ್ನೇ ನೋಡುತ್ತಿದ್ದವು.
"ಎಷ್ಟಕ್ಕೆ ಸಾರ್?"
ಹಿಂದೆ ಯಾರೋ ಹಾರ್ನ್ ಒತ್ತಿದರು.