ಮಂಗಳವಾರದ ಸೊಪ್ಪು

ಮಂಗಳವಾರ ಒಂಬತ್ತಕ್ಕೆ ಪಾಂಬೂರು ಫೀಡರ್ ಆಫ್.
ಡಿಸೆಂಬರಿನ ಇಬ್ಬನಿ ಇನ್ನೂ ತಂತಿಯ ಮೇಲೆ.
ನಾವು ಏಣಿ ಇಳಿಸುವ ಮೊದಲೇ ಬಂದು ನಿಂತಿರುತ್ತಾರೆ
ಸೆರಾಫಿನ್ ಬಾಯಮ್ಮ,
ಕೈಯಲ್ಲಿ ಕತ್ತಿ, ತಲೆಗೆ ಮಡಚಿದ ಗೋಣಿ.
ನಮ್ಮ ಶಟ್‌ಡೌನ್ ಪಟ್ಟಿ ಅವರಿಗೆ
ಇಗರ್ಜಿಯ ಪ್ರಾರ್ಥನೆಯಷ್ಟೇ ಬಾಯಿಪಾಠ.

ನಾನು ಮೇಲೆ. ತಂತಿಗೆ ತಾಗುವುದನ್ನು ಕಡಿಯುವವನು.
ನನಗೆ ಮರವೆಂದರೆ ಅಂತರ:
ನಾಲ್ಕು ಅಡಿ, ಆರು ಅಡಿ.
ಕೆಳಗಿನಿಂದ ಕೂಗು ಬರುತ್ತದೆ:

"ಹಲಸಿನದ್ದು ಇಡೀ ಗೆಲ್ಲು ಬಿಡು ಮಾರಾಯ, ತುಂಡು ಮಾಡಬೇಡ,
ಆಡು ಕತ್ತೆತ್ತಿ ತಿನ್ನುವ ಪ್ರಾಣಿ, ನೆಲಕ್ಕೆ ಬಿದ್ದದ್ದು ಮೂಸುವುದೂ ಇಲ್ಲ."
"ಸಾಗುವಾನಿ ಬೇಡ. ಅದು ಎಲೆಯಾ? ಮರಳು ಕಾಗದ."
"ಗೊಬ್ಬರದ ಗಿಡ ಅಲ್ಲೇ ಬಿದ್ದು ಬಾಡಲಿ,
ಹಸಿಯ ನಾತಕ್ಕೆ ಮುಖ ತಿರುಗಿಸುತ್ತವೆ."
"ಸುಬಾಬುಲ್ ಒಂದು ಹಿಡಿ ಸಾಕು.
ಹೆಚ್ಚಾದರೆ ಕೂದಲು ಉದುರುತ್ತದೆ.
ಲಾದ್ರುವಿಗೆ ಉದುರಿತ್ತಲ್ಲ, ಪಾಪ."

ಲಾದ್ರು ಅಂದರೆ ಹೋತ.
ಎರಡು ವರ್ಷ ನಾನು ಅವರ ಗಂಡ ಅಂದುಕೊಂಡಿದ್ದೆ.

ಶಿರ್ವದ ಪಶು ಆಸ್ಪತ್ರೆಯ ಡಾಕ್ಟ್ರು ಬರೆದುಕೊಟ್ಟ ಚೀಟಿ
ಪ್ಲಾಸ್ಟಿಕ್ಕಿನೊಳಗೆ, ರವಿಕೆಯೊಳಗೆ.
ಮೊಮ್ಮಗಳ ಮಾರ್ಕ್ಸ್ ಕಾರ್ಡಿನ ಹಾಗೆ ತೆಗೆದು ಓದುತ್ತಾರೆ,
ಪ್ರೋಟೀನ್, ನೂರಕ್ಕೆ ಇಷ್ಟು:
ಒಣಹುಲ್ಲು ಮೂರೋ ನಾಲ್ಕೋ,
ಹಲಸು ಹದಿಮೂರು,
ಗೊಬ್ಬರದ ಗಿಡ ಇಪ್ಪತ್ತೆರಡು.
"ನೋಡು, ಹುಲ್ಲು ಫೇಲು.
ಹೊಟ್ಟೆ ಉಬ್ಬಿಸುತ್ತದೆ, ಅಷ್ಟೆ.
ಕೊಯಿಲಾಗಿ ಗದ್ದೆ ಬೋಳಾದ ಮೇಲೆ
ಹೊಟ್ಟೆಯನ್ನು ನಂಬಬೇಡ. ಪಕ್ಕೆಲುಬು ಮುಟ್ಟಿ ನೋಡು.
ಎರಡು ಆಡು ಗಬ್ಬ ಬೇರೆ."

ಹನ್ನೆರಡೂವರೆಗೆ ಗೇರುಮರದ ಬುಡದಲ್ಲಿ ಡಬ್ಬಿ ಬಿಚ್ಚಿದೆ.
ಕುಚ್ಚಲಕ್ಕಿ ಗಂಜಿ. ಉಪ್ಪಿನಕಾಯಿ.
ಬಾಯಮ್ಮ ಬಗ್ಗಿ ನೋಡಿದರು,
ಸಂತೆಯಲ್ಲಿ ಮರಿಯ ಹಲ್ಲು ನೋಡುವ ಹಾಗೆ.
"ನಿನ್ನೆಯೂ ಇದೇ?"
ಹೌದೆಂದೆ.
"ಇದೂ ಹುಲ್ಲೇ" ಅಂದರು.

ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿ
ನಲವತ್ತು ದಿನವಾಯಿತೆಂದು ನಾನು ಹೇಳಲಿಲ್ಲ.
ಗಂಜಿ ಸುರಿದು ಕುಡಿದೆ.

ಹೊರೆ ಕಟ್ಟುವಾಗ ಗಮನಿಸಿದೆ,
ನುಗ್ಗೆಯ ಗೆಲ್ಲು ಮಾತ್ರ ಬದಿಗಿಟ್ಟಿದ್ದಾರೆ.
ಹದಿನೇಳನೇ ಕಂಬದ ಹತ್ತಿರ ಬೆಳಿಗ್ಗೆ ನಾನೇ ಕಡಿದದ್ದು.
ಕಡ್ಡಿಯಿಂದ ಎಲೆ ಎಳೆದೆಳೆದು
ನನ್ನ ತೊಳೆದ ಡಬ್ಬಿಗೆ ತುರುಕಿ,
ಮುಚ್ಚಳವನ್ನು ಮೊಣಕೈಯಲ್ಲಿ ಒತ್ತಿದರು.
"ತೆಂಗಿನಕಾಯಿ ಹಾಕಿ ಪಲ್ಯ ಮಾಡು. ಬೇಳೆಯೂ ಹಾಕು.
ಲಾದ್ರುವಿಗೆ ಜೀವ ಇದೆಂದರೆ.
ಇವತ್ತು ಅವನಿಗಿಲ್ಲ."

ಐದಕ್ಕೆ ಲೈನ್ ಚಾರ್ಜ್.
ರಿಜಿಸ್ಟರಿನಲ್ಲಿ ಬರೆದೆ: ಗೆಲ್ಲು ತೆರವು,
ಕಂಬ ಹನ್ನೊಂದರಿಂದ ಇಪ್ಪತ್ತನಾಲ್ಕು.
ಸಹಿ ಹಾಕಿದೆ. ಬೆರಳಲ್ಲಿ ಹಲಸಿನ ಮೇಣ, ಪೆನ್ನು ಅಂಟಿತು.

ಕತ್ತಲಾದ ಮೇಲೆ ಆ ದಾರಿಯಲ್ಲೇ ಬಂದೆ.
ಬಾಯಮ್ಮನ ಕೊಟ್ಟಿಗೆಯಲ್ಲಿ ಬಲ್ಬು ಉರಿಯುತ್ತಿತ್ತು.
ತೊಲೆಗೆ ತಲೆಕೆಳಗಾಗಿ ಕಟ್ಟಿದ ಹಲಸಿನ ಗೆಲ್ಲು
ಗಾಳಿಯಿಲ್ಲದೆ ಅಲುಗುತ್ತಿತ್ತು.