ಹಕ್ಕಿ ಓಡಿಸುವ ಕೆಲಸ

ಲಕ್ಕವಳ್ಳಿಯ ಅಣೆಕಟ್ಟಿಗೆ ಕಲ್ಲು ಹೊತ್ತವರ ಮೊಮ್ಮಗ ನಾನು,
ಸಡೆಯಪ್ಪನ ಮಗ ತಂಗವೇಲು.
ಎಂಟು ವರ್ಷ ನನಗೆ ಸಂಬಳ ಸಿಕ್ಕಿದ್ದು
ಹಕ್ಕಿ ಓಡಿಸುವುದಕ್ಕೆ.

ನಗಬೇಡಿ.
ಕಡಲ ನಡುವೆ ಒಂದು ದ್ವೀಪ,
ಬಾಳೆ ಎಲೆ ಹಾಸಿದ ಹಾಗೆ,
ಅದರ ನಡುನರದಂತೆ ರನ್‌ವೇ.
ಈ ತುದಿಗೂ ನೀರು, ಆ ತುದಿಗೂ ನೀರು.
ದಿನಕ್ಕೊಂದು ವಿಮಾನ, ರೆಕ್ಕೆಗೆ ಫ್ಯಾನು ಕಟ್ಟಿದ್ದು.
ಬಂದರೆ ಬಂತು. ಮೋಡವಿದ್ದರೆ ನಾಳೆ.

ಅದರ ಹೊಟ್ಟೆಯಲ್ಲಿ ಏನು ಬರುತ್ತಿರಲಿಲ್ಲ!
ಸೀಲು ಒಡೆಯದ ಪ್ರಶ್ನೆಪತ್ರಿಕೆ,
ಐಸಿನಲ್ಲಿಟ್ಟ ಲಸಿಕೆ, ಕರಿಬೇವು,
ಕೊಚ್ಚಿಯಲ್ಲಿ ಕನ್ನಡಕ ಹಾಕಿಸಿಕೊಂಡು
ಮೊದಲ ಸಲ ತನ್ನೂರನ್ನು ನೆಟ್ಟಗೆ ನೋಡಿದ ಮುದುಕ.
ಹೋಗುವಾಗ ಮೀನು, ಮದುಮಗಳು, ಡಯಾಲಿಸಿಸಿನವರು,
ಮತ್ತೆ ಮತ್ತೆ ಅದೇ ಡಯಾಲಿಸಿಸಿನವರು.
ಅವರ ಹೆಸರು ನನಗೆ ಬಾಯಿಪಾಠ.
ಒಂದೊಂದೇ ಹೆಸರು ಪಟ್ಟಿಯಿಂದ ಬಿಟ್ಟುಹೋಗುವುದೂ.

ವಿಮಾನಕ್ಕೆ ಇಪ್ಪತ್ತು ನಿಮಿಷವಿರುವಾಗ
ಸೈಕಲ್ ಏರಿ ಹೊರಡುತ್ತಿದ್ದೆ:
ತಗಡಿನ ಡಬ್ಬ, ಕೋಲು, ಚೀಲದ ತುಂಬ ಪಟಾಕಿ.
ಊರಿಗೆಲ್ಲ ದೀಪಾವಳಿ ವರ್ಷಕ್ಕೊಂದು,
ನನಗೆ ದಿನಕ್ಕೊಂದು.
ಕಾದ ಡಾಂಬರಿನ ಮೇಲೆ ಸಾಲಾಗಿ ಕೂತ ಕಡಲ ರೀವಗಳು
ಒಟ್ಟಿಗೇ ಎದ್ದು, ಬೈದು, ಒಂದು ಸುತ್ತು ಹಾಕಿ
ನಾನು ಬೆನ್ನು ತಿರುಗಿಸಿದ ಕೂಡಲೇ ಇಳಿಯುತ್ತಿದ್ದವು.
ಆ ಜಾಗ ಮೊದಲು ಯಾರದ್ದು ಅಂತ
ಅವು ಕೇಳಿದ್ದರೆ ನಾನೇನು ಹೇಳಬೇಕಿತ್ತು?

ಒಂದು ಮಧ್ಯಾಹ್ನ, ಹೆರಿಗೆ ನೋವಿನ ಕುಂಞಿಬಿ
ಸ್ಟ್ರೆಚರಿನ ಮೇಲೆ, ತೆಂಗಿನ ನೆರಳಲ್ಲಿ.
ವಿಮಾನ ಇಳಿಯಲು ಬಂತು, ಹಕ್ಕಿಗಳೆದ್ದವು,
ಗಾಲಿ ನೆಲ ಮುಟ್ಟುವ ಮೊದಲೇ ಮೂತಿ ಎತ್ತಿ ಹೊರಟುಹೋಯಿತು.
ಅವಳ ಗಂಡ ನನ್ನ ಮುಖ ನೋಡಿದ.
ಏನೂ ಅನ್ನಲಿಲ್ಲ. ಅಷ್ಟೇ ಸಾಕಾಯಿತು.
ರನ್‌ವೇ ಅಂಚಿನ ಹವಳದ ಪುಡಿಯಲ್ಲಿ ಮೊಟ್ಟೆಗಳಿದ್ದವು.
ಗೊತ್ತಿತ್ತು ನನಗೆ.
ಅಲ್ಲಿಗೇ ನುಗ್ಗಿದೆ, ಕೋಲು ಬೀಸುತ್ತ,
ಕಾಲೆಲ್ಲಿ ಬಿತ್ತೆಂದು ನೋಡದೆ.
ಚಪ್ಪಲಿಗೆ ಲೋಳೆ ಹತ್ತಿತು.
ಎರಡನೇ ಸುತ್ತಿಗೆ ವಿಮಾನ ಇಳಿಯಿತು.

ಹದಿನಾರು ದಿನದ ಮೇಲೆ ಕುಂಞಿಬಿ ಮರಳಿದಳು,
ಬಟ್ಟೆ ಸುತ್ತಿದ ಮಗುವಿನ ಒಂದು ಮುಷ್ಟಿ ಹೊರಗಿತ್ತು.
ಆ ಮುಷ್ಟಿಗೂ ಈ ಚಪ್ಪಲಿಗೂ
ಲೆಕ್ಕ ತಾಳೆ ಹಾಕಲು ಹೋಗಿಲ್ಲ ನಾನು, ಇವತ್ತಿಗೂ.

ಈಗ ಭದ್ರೆಯ ಹಿನ್ನೀರಿನಲ್ಲಿ ದೋಣಿ.
ಮಾಘ ಕಳೆದು ನೀರು ಇಳಿದ ಹಾಗೆ
ಮುಳುಗಿದ್ದ ಗುಡ್ಡದ ನೆತ್ತಿ ಅಡಿ ಅಡಿಯಾಗಿ ಏಳುತ್ತದೆ.
ಮರವಿಲ್ಲ, ಹುಲ್ಲಿಲ್ಲ, ಬರೀ ಗರಸು.
ಅವು ಬರುತ್ತವೆ.
ಕರಿಟೋಪಿ, ಹಳದಿ ಕೊಕ್ಕು, ಕತ್ತರಿ ಬಾಲ,
ಹೊಳೆ ರೀವಗಳು, ಕಡಲಿನವುಗಳ ದಾಯಾದಿಗಳು.
ಎದುರುಗಾಳಿಗೆ ಎದೆ ಕೊಟ್ಟು, ಕಾಲು ಇಳಿಬಿಟ್ಟು,
ಕೊಕ್ಕಿನಲ್ಲಿ ಅಡ್ಡ ಹಿಡಿದ ಮೀನಿನ ಸಮೇತ
ನೂರಾರು, ಒಂದಕ್ಕೊಂದು ತಾಗದೆ, ಟವರಿನವರ ಅಪ್ಪಣೆಯಿಲ್ಲದೆ.
ತನ್ನ ಗುಳಿ ಯಾವುದೆಂದು ಪ್ರತಿಯೊಂದಕ್ಕೂ ಗೊತ್ತು.

ನನಗೆ ದಿನಗೂಲಿ. ಕೆಲಸ:
ಮನುಷ್ಯರನ್ನು ಓಡಿಸುವುದು.
ತರೀಕೆರೆಯ ಹುಡುಗರು ದೋಣಿ ಹತ್ತಿರ ಬಿಡಣ್ಣ ಅಂತಾರೆ,
ಒಂದೇ ಒಂದು ಫೋಟೋ ಅಂತಾರೆ.
ಹುಟ್ಟು ಅಡ್ಡ ಹಿಡಿದು
ಹಳೇ ಗತ್ತಿನಲ್ಲಿ ಹೇಳುತ್ತೇನೆ:
ರನ್‌ವೇ ಖಾಲಿ ಇಲ್ಲ.

ಹೋದ ವರ್ಷ ನೀರು ಬೇಗ ಏರಿತು.
ಕೊನೆಗೆ ಉಳಿದದ್ದು ಚಾಪೆಯಗಲ ನೆಲ,
ಅದರ ಮೇಲೊಂದು ಮರಿ, ರೆಕ್ಕೆ ಬಲಿಯದ್ದು.
ದೋಣಿಯಲ್ಲಿ ಎದ್ದು ನಿಂತು
ಎರಡೂ ಹುಟ್ಟು ಮೇಲೆತ್ತಿ ಸನ್ನೆ ಮಾಡಿದೆ,
ವಿಮಾನಕ್ಕೆ ಮಾಡುವವರ ಹಾಗೆ.
ಅದು ನನ್ನ ಕಡೆ ನೋಡಲೂ ಇಲ್ಲ.
ಓಡಿತು, ನೀರಂಚಿನಲ್ಲಿ ನಿಂತಿತು,
ಉದ್ದ ಸಾಲದೆಂದೇನೋ, ಮತ್ತೆ ಹಿಂದಕ್ಕೆ ಓಡಿತು.

ಕತ್ತಲಾಗುವವರೆಗೂ ಅಲ್ಲೇ ಇದ್ದೆ.
ಬೆಳಿಗ್ಗೆ ಹೋದರೆ ನೀರು, ಬರೀ ನೀರು.
ಮೇಲೆ ಹಾರುತ್ತಿದ್ದವನ್ನು ಎಣಿಸಿದೆ,
ಎಣಿಕೆ ತಪ್ಪಿತು,
ಮೊದಲಿಂದ ಎಣಿಸಿದೆ.