ಕಿರುಗೆರೆ

ಲರ್ವಿಕ್ ಬಂದರಿಗೆ ಬೆನ್ನು ಮಾಡಿದ ಅಚ್ಚುಕೂಟದಲ್ಲಿ
ಇಂಕ್‌ಸ್ಟರ್ ಅಣ್ಣತಮ್ಮಂದಿರು ನಿಘಂಟು ಜೋಡಿಸುತ್ತಿದ್ದರು.
ಜೂನ್ ತಿಂಗಳು. ಎಸ್ ಅಕ್ಷರ.
'ಸೆಟ್' ಎಂಬ ಮಾತಿಗಿಳಿದು ಹನ್ನೊಂದು ದಿನ,
ಇನ್ನೂ ದಡ ಕಂಡಿರಲಿಲ್ಲ.

ಅವರ ಲಿಪಿಯಲ್ಲಿ ಮೂರೇ ಅಕ್ಷರ. ಸಾಲಿನ ಕೊನೆಗೆ ಬಂದರೆ
ಮುರಿಯಲು ಬಾರದು; ಇಡಿಯಾಗಿ ಈಚೆ ತುರುಕಬೇಕು,
ಇಲ್ಲವೇ ಇಡಿಯಾಗಿ ಆಚೆ ದೂಡಬೇಕು.
ಹೊಟ್ಟೆಯಲ್ಲಿ ಮಾತ್ರ ಎಷ್ಟೊಂದು!
ಸೂರ್ಯ ಸೆಟ್, ಸಿಮೆಂಟು ಸೆಟ್,
ಮುರಿದ ಮೂಳೆ ಸೆಟ್, ಅಲಾರಾಂ ಸೆಟ್,
ಮೀನಿಗೆ ಒಡ್ಡಿದ ಬಲೆ, ಕಾವಿಗೆ ಕೂರಿಸಿದ ಕೋಳಿ,
ಗರಗಸದ ಹಲ್ಲನ್ನು ಎಡಕ್ಕೊಂದು ಬಲಕ್ಕೊಂದು ಬಾಗಿಸುವುದು,
ಎಲ್ಲ ಅದೇ.
ನನಗಾದರೆ ಇಷ್ಟಕ್ಕೆ ಒಂದು ಸಂತೆ ಮಾತು ಬೇಕು:
ಮುಳುಗುವುದು, ಗಟ್ಟಿಯಾಗುವುದು, ಕೂಡಿಕೊಳ್ಳುವುದು,
ಹೂವು ಕಾಯಿಗಚ್ಚುವುದು.
ಅವರಿಗೆ ಒಂದೇ ಕೀಲಿಕೈ, ಊರಿನ ಎಲ್ಲ ಬಾಗಿಲಿಗೂ.

ಜಗಳ ಹತ್ತಿದ್ದು ಮಾತಿನ ಮೇಲಲ್ಲ, ಕಿರುಗೆರೆಯ ಮೇಲೆ.
'ಸೆಟ್ ಟು' ಎಂದರೆ ತೋಳೇರಿಸಿ ಕೆಲಸಕ್ಕೆ ಇಳಿಯುವುದು.
ನಡುವೆ ಗೆರೆ ಬಿದ್ದರೆ, ಅದೇ ತೋಳೇರಿಸಿ
ಕೈಕೈ ಮಿಲಾಯಿಸುವುದು.
'ಗೆರೆ ಬೇಕು' ಎಂದ ದೊಡ್ಡವ, ಮ್ಯಾಗ್ನಸ್.
'ತೆರಪು ಸಾಕು, ಓದುವವನಿಗೆ ಬುದ್ಧಿ ಇರುತ್ತದೆ' ಎಂದ ಲಾರೆನ್ಸ್.
'ಜೋಡಿಸುವವನಿಗೇ ಇಲ್ಲವಲ್ಲ.'
ಸೀಸದಚ್ಚಿನ ತಟ್ಟೆ ನೆಲಕ್ಕೆ ಬಿತ್ತು.
ಪುಟ ನಾನೂರ ಹನ್ನೆರಡು ಚೆಲ್ಲಾಪಿಲ್ಲಿ.

ನಾಲ್ಕು ದಿನ ಮಾತಿಲ್ಲ. ಅಕ್ಕ ಓಸ್ಲಾ
ರೂಬಾರ್ಬ್ ಜಾಮಿನ ತೊಟ್ಟೊಂದನ್ನು ತಣ್ಣನೆಯ ಪಿಂಗಾಣಿಗೆ ಬಿಟ್ಟು
ಬೆರಳಿಂದ ನೂಕಿ, ಸುಕ್ಕು ಬೀಳುತ್ತದೆಯೇ ನೋಡಿ,
'ಸೆಟ್ ಆಯಿತೇ?' ಎಂದು ಇಬ್ಬರನ್ನೂ ಕೇಳಿದಳು.
ಇಬ್ಬರೂ ಒಟ್ಟಿಗೆ: 'ಇನ್ನೂ ಇಲ್ಲ.'
ಅವಳು ನಕ್ಕುಬಿಟ್ಟಳು. ಅವರು ನಗಲಿಲ್ಲ.

ರಾತ್ರಿ ಹನ್ನೊಂದೂವರೆ.
ಅಷ್ಟು ಬಡಗಣದಲ್ಲಿ ಜೂನಿನ ಸೂರ್ಯ
ಮುಳುಗಿದಂತೆ ಮಾಡಿ ಅಂಚಿನ ಕೆಳಗೇ ಕಾಯುತ್ತಾನೆ;
ದೀಪ ಹಚ್ಚದೆಯೇ ಅಚ್ಚುಮೊಳೆಯ ಮೂತಿ ಕಾಣುತ್ತದೆ.
ಲಾರೆನ್ಸ್ ಮಂಡಿಯೂರಿ ಚೆಲ್ಲಿದ್ದನ್ನು ಹೆಕ್ಕುತ್ತಿದ್ದ.
ಅ, ಇ, ಟಿಗಳೆಲ್ಲ ಗೂಡು ಸೇರಿದವು.
ಗೆರೆಯ ಗೂಡು ಬರಿದು.
ಬಾಗಿಲಲ್ಲಿ ಮ್ಯಾಗ್ನಸ್. ಜೇಬಿನಿಂದ ತೆಗೆದು
ಅಂಗೈ ಚಾಚಿದ: ಜೀರಿಗೆಯಷ್ಟು ಸೀಸ,
ನಾಲ್ಕು ದಿನ ಮೈಗೆ ತಾಗಿ ಬೆಚ್ಚಗಿತ್ತು.
'ಹಾಕುವುದೋ ಬಿಡುವುದೋ ನೀನೇ ನೋಡು.'

ಆ ನಿಘಂಟು ಓಸ್ಲಾ ನನಗೆ ಕೊಟ್ಟದ್ದು, ಬೆನ್ನು ಕಿತ್ತಿದೆ.
ನಾನೂರ ಹನ್ನೆರಡರಲ್ಲಿ ಗೆರೆ ಇದೆ.
ಪುಟ ತಿರುವಿದರೆ, ಅದೇ ಮಾತಿಗೆ, ಇಲ್ಲ.
ಕೊನೆಯ ತಿದ್ದೋಲೆಯಲ್ಲೂ
ಯಾರೂ ಅದನ್ನು ಮುಟ್ಟಿಲ್ಲ.